ರೆಡಿಸ್ ತಂತ್ರಾಂಶದ ಪರವಾನಗಿ

ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬವರು 2009ರಲ್ಲಿ ರೆಡಿಸ್ ಎಂಬ ದತ್ತಸಂಚಯ ತಂತ್ರಾಂಶವನ್ನು ಬಿಎಸ್‌ಡಿ ಪರವಾನಗಿಯ ಮೇರೆಗೆ ಲೋಕಕ್ಕೆ ಬಿಟ್ಟುಕೊಟ್ಟರು. ಕರ್ತೃವಿನ ಹಕ್ಕುಪತ್ರವನ್ನು ಅಳಿಸದಿದ್ದರೆ ಸಾಕು, ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಮಾರಬಹುದು ಎಂಬುದೇ ಆ ಪತ್ರದ ಒಕ್ಕಣೆ. ಬಂಡವಾಳಗಾರರ ಹಣದಿಂದ ಬೆಳೆದ ರೆಡಿಸ್ ಲ್ಯಾಬ್ಸ್ ಕಂಪನಿಯನ್ನು 2015ರಲ್ಲಿ ಅವರು ಸೇರಿದರು. ಮೂಲ ತಂತ್ರಾಂಶವು ಎಂದೆಂದಿಗೂ ಬಿಎಸ್‌ಡಿಯಲ್ಲಿಯೇ ಇರುವುದೆಂದು ಆ ಕಂಪನಿಯು 2018ರಲ್ಲಿ ಸಾರಿತು. ಆದರೆ ದೊಡ್ಡ ಕ್ಲೌಡ್ ಕಂಪನಿಗಳು ಅದನ್ನು ಮಾರಿ ಲಾಭ ಪಡೆಯುತ್ತಿರುವುವೆಂಬ ಕಾರಣವನ್ನು ಮುಂದಿಟ್ಟು, 2024ರ ಮಾರ್ಚ್ 20ರಂದು ನಿರ್ಬಂಧದ ಪರವಾನಗಿಗಳಿಗೆ ತಿರುಗಿತು.

ಇದನ್ನು ದತ್ತಾಪಹಾರವೆನ್ನಬಹುದೆ? ಪತ್ರವನ್ನು ಪರಿಶೀಲಿಸಿದರೆ ಹಾಗೆನ್ನುವುದು ಪೂರ್ತಿಯಾಗಿ ಸಲ್ಲದು. ಎಲ್ಲರಿಗೂ ಮಾರಲು ಅನುಮತಿಯಿತ್ತ ಒಕ್ಕಣೆಯೇ ಮುಂದಿನ ಆವೃತ್ತಿಗಳಿಗೆ ಬೀಗ ಹಾಕಲೂ ಎಡೆಗೊಟ್ಟಿತು. ಹಿಂದೆ ಕೊಟ್ಟುದನ್ನು ಮರಳಿ ಪಡೆಯಲು ಮಾತ್ರ ಎಡೆಗೊಡಲಿಲ್ಲ. ಆದುದರಿಂದಲೇ ಎಂಟು ದಿನಗಳೊಳಗೆ 7.2.4 ಆವೃತ್ತಿಯಿಂದ ಕವಲೊಡೆದ ವಾಲ್ಕಿ ಎಂಬ ತಂತ್ರಾಂಶವನ್ನು ಲಿನಕ್ಸ್ ಫೌಂಡೇಷನ್ ಪ್ರಕಟಿಸಿತು. ಅಮೆಜಾನ್, ಗೂಗಲ್, ಒರಾಕಲ್ ಕಂಪನಿಗಳು ಅದಕ್ಕೆ ಬೆಂಬಲವಿತ್ತುವು. 2025ರ ಮೇ ತಿಂಗಳಲ್ಲಿ ರೆಡಿಸ್ ಕಂಪನಿಯೂ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯನ್ನು ಸೇರಿಸಿತು.

ಕಂಪನಿಯ ವಾಗ್ದಾನವು ಆರು ವರ್ಷವೂ ಬಾಳಲಿಲ್ಲ; 2009ರ ಒಕ್ಕಣೆಯಾದರೋ ಬರೆದವರೂ ಅಳಿಸಲಾರದಂತೆ ನಿಂತಿತು.