ಜೀವಂತ ಎರೆಯ ಗಾಳ (ಹದಿನಾರು ಪ್ರದೇಶ)

ಬದುಕಿರುವ ಕಿರುಮೀನು, ಸಿಗಡಿ ಅಥವಾ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಹಿಂಸ್ರ ಮತ್ಸ್ಯಗಳನ್ನು ಹಿಡಿಯುವ ವಿಧಾನ. ಮುಂಗಾರಿನ ಅಬ್ಬರವಡಗಿದ ಮೇಲೆ ಕರಾವಳಿಯ ಅಳಿವೆಗಳ ಉಪ್ಪುನೀರಿಗೆ ಸಲ್ಲುವ ಈ ಕ್ರಮವು, ಕಡಲಿಗೆ ದೂರವಾದ ಮೈಸೂರು ಜಿಲ್ಲೆಯಲ್ಲಿ, ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ಮಡುಗಳಿಗೂ ಆ ಸೀಮೆಯ ಹದಿನಾರು ಎಂಬ ಊರಿನ ಸುತ್ತಲ ಕೆರೆಗಳಿಗೂ ಸಿಹಿನೀರಿನ ರೂಪದಲ್ಲಿ ಒಪ್ಪುತ್ತದೆ.

ಶರದೃತುವಿನ ಆರಂಭದಲ್ಲಿ, ಆಶ್ವಯುಜದ ಹೊತ್ತಿಗೆ, ಕೆನ್ನೀರು ತಿಳಿಯಾಗತೊಡಗಿದಂತೆ, ಕಣ್ಣನ್ನು ನೆಚ್ಚಿ ಬೇಟೆಯಾಡುವ ಕೊರವ ಮೀನು ಜೊಂಡಿನ ಅಂಚಿನಲ್ಲಿ ಎರೆಗೆ ಸುಲಭವಾಗಿ ಎರಗುವುದು. ಗಾಳಿಯನ್ನೂ ಉಸಿರಾಡುವ ಈ ಜಾತಿಯು ಆಗಾಗ ನೀರ್ಮೇಲಕ್ಕೆ ಬರುವುದರಿಂದ ಅದರ ನೆಲೆ ಗೊತ್ತಾಗುವುದು. ನದಿಯ ಆಳದಲ್ಲಿ ಬಾಳೆ ಮೀನು ಮುಖ್ಯ.

ಕಿರುಮೀನಿನ ಬೆನ್ನುರೆಕ್ಕೆಯ ಬುಡದಲ್ಲಿ, ಬೆನ್ನೆಲುಬನ್ನು ತಾಗದಂತೆ, ಗಾಳವನ್ನು ತೆಳುವಾಗಿ ಚುಚ್ಚಿದರೆ ಅದು ಬಹುಕಾಲ ಈಜುತ್ತದೆ. ಬೆಂಡು ಮುಳುಗಿದೊಡನೆ ಸೆಳೆಯದೆ, ದಾರ ಬಿಗಿಯುವವರೆಗೆ ತಾಳಬೇಕು.

ಮರಿಗಳ ಹಿಂಡನ್ನು ಕಾಯುವ ತಾಯ್ತಂದೆ ಕೊರವಗಳನ್ನು ಹಿಡಿಯದಿರುವುದು ಸಂತತಿಯ ರಕ್ಷಣೆಗೆ ಅತ್ಯವಶ್ಯಕ. ಚಳಿಗಾಲದಲ್ಲಿ ಹದಿನಾರು ಊರಿನ ಕೆರೆಗೆ ಮಧ್ಯ ಏಷ್ಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವುದರಿಂದ, ಇಂಥ ಜಲತಾಣಗಳ ದಡದಲ್ಲಿ ಹರಿದ ದಾರವನ್ನು ಬಿಡುವುದು ಪಕ್ಷಿಗಳಿಗೆ ಪ್ರಾಣಾಪಾಯಕರ.