ಶಿಗಾ ಹಿಡಿದ ಬಗ್

ನಮ್ಮೂರಲ್ಲಿ ಯಾರಿಗಾದ್ರೂ ಭೇದಿಯಲ್ಲಿ ರಕ್ತ ಬಿದ್ದರೆ ‘ಉಷ್ಣ ಆಗಿದೆ’ ಅಂತ ಮಜ್ಜಿಗೆ ಕುಡಿಸ್ತಿದ್ರು. ಬೆಂಗಳೂರಲ್ಲಿ ನಾನೇ ಆಮಶಂಕೆಯಿಂದ ಮಲಗಿದಾಗ ಲ್ಯಾಬ್ ರಿಪೋರ್ಟಲ್ಲಿ ‘ಶಿಗೆಲ್ಲಾ’ ಅಂತಿತ್ತು. ಆ ಹೆಸರು ಹಿಡಿದು ಓದ್ತಾ ಹೋದೆ, ಜಪಾನ್ ತಲುಪಿದೆ.

1897. ಜಪಾನಿನಲ್ಲಿ ‘ಸೆಕಿರಿ’ ಹಬ್ಬಿತ್ತು. ಅಂದ್ರೆ ಕೆಂಪು ಭೇದಿ, ನಮ್ಮ ರಕ್ತಭೇದಿಯೇ. ಆ ವರ್ಷ 90 ಸಾವಿರಕ್ಕೂ ಹೆಚ್ಚು ಜನರಿಗೆ ಅಂಟಿತು. ಐದರಲ್ಲಿ ಒಬ್ಬರಾದರೂ ಸತ್ತರು. ಟೋಕಿಯೋದ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿ ಇದರ ಮೂಲ ಹುಡುಕಲು ಹೊರಟವನು ಕಿಯೋಶಿ ಶಿಗಾ. ಹಿಂದಿನ ವರ್ಷವಷ್ಟೇ ಡಾಕ್ಟರಾಗಿದ್ದ, ನಮ್ಮ ಭಾಷೆಯಲ್ಲಿ ಫ್ರೆಷರ್.

ಮಲದಲ್ಲಿ ಎಷ್ಟೋ ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಕಳ್ಳ ಯಾವುದು? ಶಿಗಾ 36 ರೋಗಿಗಳನ್ನು ಪರೀಕ್ಷಿಸಿದ. ಕಾಯಿಲೆ ಬಂದವರ ರಕ್ತದಲ್ಲಿ ಆ ಕಳ್ಳನ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವಲ್ಲ, ಆ ರಕ್ತದ ಸೀರಮ್ಮಿಗೆ ಒಂದೊಂದೇ ಬ್ಯಾಕ್ಟೀರಿಯಾ ಬೆರೆಸಿ ನೋಡಿದ. ಒಂದು ಮಾತ್ರ ಗಂಟುಗಂಟಾಗಿ ಕೂಡಿಕೊಂಡಿತು. ಸಿಕ್ಕಿಬಿದ್ದ!

ಪ್ರಬಂಧದಲ್ಲಿ ತನ್ನ ಹೆಸರು ಬೇಡ ಅಂದವರು ಅವನ ಗುರು ಕಿತಾಸಾಟೊ. ಅಂಥ ಮ್ಯಾನೇಜರ್ ನಿಮಗೆ ಸಿಕ್ಕಿದ್ದಾರಾ?

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಶಿಗಾ ಸತ್ತ ಬ್ಯಾಕ್ಟೀರಿಯಾದಿಂದ ಲಸಿಕೆ ಮಾಡಿ ಮೊದಲು ತನಗೇ ಚುಚ್ಚಿಕೊಂಡ. ಮೈ ಅದನ್ನು ಸಹಿಸಲಿಲ್ಲ. ಆಮೇಲೆ ಸೀರಮ್ ಸೇರಿಸಿ ಸುಮಾರು ಹತ್ತು ಸಾವಿರ ಜನಕ್ಕೆ ಕೊಟ್ಟರೂ ಕಾಯಿಲೆ ಬೀಳುವವರ ಸಂಖ್ಯೆ ಕಮ್ಮಿಯಾಗಲಿಲ್ಲ. ಮುಂದೆ ಆ್ಯಂಟಿಬಯಾಟಿಕ್ ಬಂತು. 1950ರ ದಶಕದಲ್ಲಿ ಅದೇ ಜಪಾನಿನಲ್ಲಿ ನಾಲ್ಕು ಔಷಧಿಗಳಿಗೂ ಬಗ್ಗದ ಶಿಗೆಲ್ಲಾ ಕಾಣಿಸಿಕೊಂಡಿತು. ಔಷಧಿ ತಡೆಯುವ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುತ್ತೆ ಅಂತ ಅಲ್ಲಿನ ವಿಜ್ಞಾನಿಗಳೇ ಕಂಡುಕೊಂಡರು. ನಾವು ಕೋಡ್ ಕಾಪಿ-ಪೇಸ್ಟ್ ಮಾಡೋ ಹಾಗೇ. ಮೆಡಿಕಲ್ ಶಾಪಲ್ಲಿ ‘ಲೂಸ್ ಮೋಷನ್ನಿಗೆ ಒಂದು ಮಾತ್ರೆ ಕೊಡಿ’ ಅಂತ ಕೇಳುವ ಮುಂಚೆ ಇದು ನೆನಪಿರಲಿ. ರಕ್ತ ಕಂಡರಂತೂ ಸೀದಾ ಡಾಕ್ಟರ್ ಹತ್ರ ಹೋಗಿ.

ಈ ಕಾಯಿಲೆ ಹತ್ತೋಕೆ ಹತ್ತರಿಂದ ನೂರು ಬ್ಯಾಕ್ಟೀರಿಯಾ ಸಾಕು. ಕೈಯಿಂದ ಊಟಕ್ಕೆ, ನೊಣದ ಕಾಲಿಂದ ಹೆಚ್ಚಿಟ್ಟ ಹಣ್ಣಿಗೆ ಅಷ್ಟು ಸಲೀಸಾಗಿ ದಾಟುತ್ತವೆ.

ಅಜ್ಜಿಯ ಮಜ್ಜಿಗೆ ತಪ್ಪಲ್ಲ. ಮೈಯಿಂದ ನೀರು ಹೋಗೋ ಕಾಯಿಲೆಗೆ ನೀರೇ ಬೇಕು. ಆದರೆ ರೋಗಿಯ ಬಟ್ಟೆ ಒಗೆದ ಕೈಯನ್ನು ಬರೀ ನೀರಲ್ಲಿ ಅದ್ದಿ, ಅದೇ ಕೈಯಲ್ಲಿ ಮಜ್ಜಿಗೆ ಕಡೆದು ನಮಗೆಲ್ಲ ಬಡಿಸ್ತಿದ್ದಳು. ಸೋಪು ಇರ್ತಿದ್ದದ್ದು ಬಚ್ಚಲಲ್ಲಿ, ಸ್ನಾನಕ್ಕೆ ಮಾತ್ರ.