ಮುರಿದ ಮೂಳೆಗೆ ಲಾಕ್‌ಡೌನ್ ಇಲ್ಲ

ಇವತ್ತಿನ ಕಂತು ಶುರುವಾಗೋದು ನಮ್ಮನೆ ಬಚ್ಚಲಿನಿಂದ.

2020ರ ಏಪ್ರಿಲ್. ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿತ್ತು. ಬೆಳಗ್ಗೆ ಸ್ನಾನಕ್ಕೆ ಹೋದ ನಮ್ಮಜ್ಜಿ ಜಾರಿ ಬಿದ್ದುಬಿಟ್ರು. ಬೀಳುವಾಗ ಕೈ ಊರಿದ್ದಾರೆ, ಬಲಗೈ ಮಣಿಕಟ್ಟು ಊದಿಕೊಂಡು ಸೊಟ್ಟಗಾಗಿತ್ತು. ಮೊದಲು ಹೋದ ಆಸ್ಪತ್ರೆಯವರು ಗೇಟಿನಲ್ಲೇ ಜ್ವರ, ಕೆಮ್ಮು ವಿಚಾರಿಸಿ, "ಮೂಳೆ ಡಾಕ್ಟರ್ ಬರ್ತಿಲ್ಲ" ಅಂತ ವಾಪಸ್ ಕಳಿಸಿದ್ರು. ಎರಡನೇ ಕಡೆ ಒಬ್ಬರು ಸಿಕ್ಕರು. ಎಕ್ಸ್‌ರೇ ನೋಡಿ ಅವರು ಹೇಳಿದ್ದಿಷ್ಟು: "ಬೇರೆ ಟೈಮಾಗಿದ್ರೆ ಆಪರೇಷನ್ ಮಾಡಿ ಪ್ಲೇಟ್ ಹಾಕೋಣ ಅಂತಿದ್ದೆ. ಈಗ ಎಳೆದು ಕೂರಿಸಿ ಪ್ಲಾಸ್ಟರ್ ಹಾಕ್ತೀನಿ. ಕೈ ಸ್ವಲ್ಪ ಸೊಟ್ಟ ಉಳಿಯಬಹುದು."

ಅಪ್ಪನಿಗೆ ಸಿಟ್ಟು ಬಂತು. ವಯಸ್ಸಾದವರು ಅಂತ ತಾತ್ಸಾರ ಮಾಡ್ತಿದ್ದಾರೆ ಅನ್ನೋದು ಅವರ ವಾದ. ನನಗೂ ಹಾಗೇ ಅನ್ನಿಸಿತ್ತು. ಆ ಡಾಕ್ಟರ್ ಮಾಡಿದ್ದು ಸರಿಯಾ ಅನ್ನೋ ಪ್ರಶ್ನೆ ಎಷ್ಟೋ ದಿನ ಕಾಡಿತು. ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ ಕತೆಯೇ ಇವತ್ತಿನದು.

ಮೊದಲು 100 ವರ್ಷ ಹಿಂದೆ ಹೋಗೋಣ. ಮೊದಲ ಮಹಾಯುದ್ಧದಲ್ಲಿ ತೊಡೆ ಮೂಳೆ ಮುರಿದ ಸೈನಿಕ ಬದುಕೋದು ಕಷ್ಟವಿತ್ತು. ಆಗ ರಾಬರ್ಟ್ ಜೋನ್ಸ್ ಅನ್ನೋ ಸರ್ಜನ್ ಒಂದು ಹಳೇ ಸಾಧನವನ್ನು ಮುಂದೆ ತಂದರು. ಅದು ಥಾಮಸ್ ಸ್ಪ್ಲಿಂಟ್. ಕಬ್ಬಿಣದ ಸರಳಿನ ಚೌಕಟ್ಟು, ಮೇಲೆ ತೊಡೆಸಂದಿಗೆ ಕೂರುವ ಬಳೆ, ಕಾಲನ್ನು ಎಳೆದು ಅಲುಗಾಡದ ಹಾಗೆ ಹಿಡಿಯುತ್ತೆ. ಅದನ್ನು ಮಾಡಿದವರು ಜೋನ್ಸ್ ಅವರ ಹೆಂಡತಿಯ ಕಡೆಯವರಲ್ಲ, ಸ್ವತಃ ಅವರ ಅತ್ತೆಯ ಗಂಡ, ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್. ಥಾಮಸ್ ಮನೆತನದ್ದು ಕಟ್ಟು ಕಟ್ಟುವ ಕಸುಬು, ಅಂದ್ರೆ ನಮ್ಮಲ್ಲಿ ಪುತ್ತೂರು ಕಟ್ಟು ಅಂತೀವಲ್ಲ, ಆ ಥರದ್ದು. ಗುಂಡೇಟಿನಿಂದ ತೊಡೆ ಮುರಿದವರಲ್ಲಿ ಶೇ 80ರಷ್ಟು ಸಾಯ್ತಿದ್ದರು, 1917ರ ಹೊತ್ತಿಗೆ ಅದು ಶೇ 16ರ ಆಸುಪಾಸಿಗೆ ಇಳೀತು ಅಂತ ಆ ಕಾಲದವರು ಬರೆದಿದ್ದಾರೆ. ಆ 80ರ ಲೆಕ್ಕದ ಬಗ್ಗೆ ಇವತ್ತು ತಕರಾರಿದೆ. ಆದರೆ ಸ್ಪ್ಲಿಂಟ್ ಜೀವ ಉಳಿಸಿತು ಅನ್ನೋದರಲ್ಲಿ ಅನುಮಾನವಿಲ್ಲ.

1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಸೈನ್ಯದ ಶಿಬಿರ, ಆಸ್ಪತ್ರೆ ಎಲ್ಲಾ ಕಡೆ ಹರಡಿತು. ಬ್ರಿಟಿಷ್ ಆರ್ಥೋಪೆಡಿಕ್ ಅಸೋಸಿಯೇಷನ್ ಹುಟ್ಟಿದ್ದೂ ಅದೇ 1918ರಲ್ಲಿ.

ಈಗ ಮತ್ತೆ 2020ಕ್ಕೆ. ಮಾರ್ಚ್ 17ರಂದು ಇಂಗ್ಲೆಂಡಿನ ಎನ್‌ಎಚ್‌ಎಸ್ ತನ್ನ ಆಸ್ಪತ್ರೆಗಳಿಗೆ ಪತ್ರ ಬರೆಯಿತು. ತುರ್ತಲ್ಲದ ಆಪರೇಷನ್‌ಗಳನ್ನು ತಡ ಅಂದ್ರೆ ಏಪ್ರಿಲ್ 15ರಿಂದ ಕನಿಷ್ಠ 3 ತಿಂಗಳು ಮುಂದೂಡಿ ಅಂತ. ಅದೇ ಬ್ರಿಟಿಷ್ ಆರ್ಥೋಪೆಡಿಕ್ ಅಸೋಸಿಯೇಷನ್ ಕೊಟ್ಟ ಸಲಹೆ ಹೀಗಿತ್ತು: ಆದಷ್ಟೂ ಆಪರೇಷನ್ ಇಲ್ಲದೆ ನಿಭಾಯಿಸಿ, ಮನೆಯಲ್ಲೇ ಬಿಚ್ಚಬಹುದಾದ ಪಟ್ಟಿ ಹಾಕಿ, ಮುಂದಿನ ವಿಚಾರಣೆ ಫೋನಿನಲ್ಲೇ ಮಾಡಿ. ನಮ್ಮಲ್ಲೂ ಮಾರ್ಚ್ 25ರಂದೇ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು.

ಯಾಕಿಷ್ಟು ಹೆದರಿಕೆ? ಪೂರ್ತಿ ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಹಾಕಬೇಕು, ಆಗ ಸೋಂಕು ಗಾಳಿಗೆ ಸೇರುತ್ತೆ. ಮೂಳೆ ಕೊರೆಯುವ ಡ್ರಿಲ್ಲಿನಿಂದಲೂ ಸೂಕ್ಷ್ಮ ಹನಿಗಳು ಹಾರುತ್ತವೆ. ಜೊತೆಗೆ ರೋಗಿಗೇ ಅಪಾಯ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 24 ದೇಶಗಳ 235 ಆಸ್ಪತ್ರೆಗಳು, ಆಪರೇಷನ್ ಆಸುಪಾಸಿನಲ್ಲಿ ಕೊರೊನಾ ತಗುಲಿದ 1,128 ರೋಗಿಗಳು. 30 ದಿನಗಳೊಳಗೆ ಸತ್ತವರು ಶೇ 23.8. ಇವೆಲ್ಲ ಮೂಳೆ ಆಪರೇಷನ್ ಅಲ್ಲ, ಮುಕ್ಕಾಲು ಪಾಲು ತುರ್ತು ಕೇಸುಗಳು. ಆದ್ರೂ ಸುಮಾರು ನಾಲ್ವರಲ್ಲಿ ಒಬ್ಬರು, ಯೋಚಿಸಿ ನೋಡಿ.

ಹಾಗಂತ ಎಲ್ಲವನ್ನೂ ಮುಂದೂಡೋಕಾಗಲ್ಲ. ರಸ್ತೆ ಖಾಲಿಯಾದ್ರೆ ಅಪಘಾತ ಕಮ್ಮಿಯಾಗುತ್ತೆ, ಆದ್ರೆ ವಯಸ್ಸಾದವರು ಬೀಳೋದು ಮನೆಯೊಳಗೇ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದ್ರೆ ಹಾಸಿಗೆಯಲ್ಲೇ ಮಲಗಿಸಿ ಕಾಯುವ ಹಾಗಿಲ್ಲ. ಹುಣ್ಣಾಗುತ್ತೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ನ್ಯುಮೋನಿಯಾ ಬರುತ್ತೆ. ಅದಕ್ಕೇ ದಾಖಲಾದ ದಿನ ಅಥವಾ ಮಾರನೇ ದಿನ ಆಪರೇಷನ್ ಆಗಬೇಕು ಅನ್ನೋದು ಬ್ರಿಟನ್ನಿನ ನಿಯಮ. ಮಹಾಮಾರಿಯ ನಡುವೆಯೂ ಆ ಸಾಲಿನಲ್ಲಿ ಸೊಂಟದ ಮೂಳೆಗೆ ಮೊದಲ ಜಾಗ ಸಿಕ್ಕಿತು. ಮಣಿಕಟ್ಟು ಹಿಂದಕ್ಕೆ ಹೋಯಿತು. ಅಲ್ಪಸ್ವಲ್ಪ ಸೊಟ್ಟಗೆ ಕೂಡಿಕೊಂಡ್ರೂ ವಯಸ್ಸಾದವರ ಕೈ ಸಾಮಾನ್ಯವಾಗಿ ಕೆಲಸಕ್ಕೆ ಬರುತ್ತೆ ಅನ್ನೋದು ಡಾಕ್ಟರುಗಳಿಗೆ ಮೊದಲಿಂದ ಗೊತ್ತು. ಪ್ಲಾಸ್ಟರ್ ಪಟ್ಟಿಯೇನು ಹೊಸದಲ್ಲ, 1852ರಲ್ಲೇ ಮ್ಯಾಥೈಸನ್ ಅನ್ನೋ ಡಚ್ ಸೇನಾ ವೈದ್ಯ ಅದರ ಬಗ್ಗೆ ಬರೆದಿದ್ದರು.

ಅಂದ್ರೆ ನಮ್ಮಜ್ಜಿಯ ಡಾಕ್ಟರ್ ತಾತ್ಸಾರ ಮಾಡಿರಲಿಲ್ಲ. ವಾರಕ್ಕೊಮ್ಮೆ ವಾಟ್ಸ್ಯಾಪ್ ವಿಡಿಯೋದಲ್ಲಿ "ಬೆರಳು ಆಡ್ಸಿ ಅಜ್ಜಿ, ಉಗುರಿನ ಬಣ್ಣ ತೋರ್ಸಿ" ಅಂತಿದ್ರು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದ್ರು. ಮಣಿಕಟ್ಟು ಇವತ್ತಿಗೂ ಚೂರು ಸೊಟ್ಟ. ಆದ್ರೆ ಅಜ್ಜಿ ಅದೇ ಕೈಯಲ್ಲಿ ಹೂ ಕಟ್ತಾರೆ, ಚಪಾತಿ ಲಟ್ಟಿಸ್ತಾರೆ.

ಕತೆ ಇಲ್ಲಿಗೆ ಮುಗಿಸಿದ್ರೆ ಸುಖಾಂತ್ಯ. ಆದ್ರೆ ನಾನು ಬಿಕಾಂ ಓದಿದವನು, ಲೆಕ್ಕ ಪೂರ್ತಿ ಟ್ಯಾಲಿ ಆಗಬೇಕು. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಯಾರದೋ ಖಾತೆಯಲ್ಲಿ ಖರ್ಚಾಗಿರುತ್ತೆ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ ಮಹಾಮಾರಿಗೆ ಮುಂಚೆ 44 ಲಕ್ಷದಷ್ಟಿತ್ತು, 2022ಕ್ಕೆ 70 ಲಕ್ಷ ದಾಟಿತು. ಅದರಲ್ಲಿ ಅತಿ ದೊಡ್ಡ ಪಾಲು ಮೂಳೆ ವಿಭಾಗದ್ದು. ಮಂಡಿ ಸವೆದು ರಾತ್ರಿ ನಿದ್ದೆಯಿಲ್ಲದವರಿಗೆ "ತುರ್ತಲ್ಲ" ಅನ್ನೋ ಮಾತು ಹೇಗೆ ಕೇಳಿಸಿರಬೇಕು?

ಅವರಿಗಾದ್ರೂ ಒಂದು ಪಟ್ಟಿ ಇದೆ. ನಮ್ಮ ದೇಶದಲ್ಲಿ ಹಾಗೆ ಎಲ್ಲರನ್ನೂ ಎಣಿಸುವ ಪಟ್ಟಿಯೇ ಇಲ್ಲ. ಗೇಟಿನಿಂದ ವಾಪಸ್ ಹೋದವರು, ಮುರಿದ ಕಾಲಿಗೆ ಮನೆಯಲ್ಲೇ ಪಟ್ಟಿ ಸುತ್ತಿಕೊಂಡು ಆಮೇಲೆ ಕುಂಟಿದವರು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. ನಮ್ಮಜ್ಜಿಗೆ ಎರಡನೇ ಗೇಟು ತೆರೆಯಿತು. ತೆರೆಯದವರ ಲೆಕ್ಕ ಬರೆದವರು ಯಾರು?

ನಿಮ್ಮ ಮನೆಯಲ್ಲಿ ಅಂಥ ಕತೆ ಇದ್ರೆ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ. ಬಚ್ಚಲಿನಲ್ಲಿ ಹುಷಾರು.